ಮಿಷನರಿಗಳು, ವಸಾಹತುಶಾಹಿ, ಕಳೆದುಹೋದ ಸಂಸ್ಕೃತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದರೆ ಸಾಕು, ಮಾತು ಎರಡು ಕಡೆಗೆ ಎಳೆಯುತ್ತದೆ. ಒಬ್ಬರು "ಎಲ್ಲ ಹಾಳು ಮಾಡಿದ್ದೇ ಅವರು" ಅನ್ನುತ್ತಾರೆ. ಇನ್ನೊಬ್ಬರು "ಹಾಗಾದ್ರೆ ಶಾಲೆ, ಆಸ್ಪತ್ರೆ ಕಟ್ಟಿದ್ದು ಯಾರು?" ಅಂತ ತಿರುಗಿ ಕೇಳುತ್ತಾರೆ. ಎರಡೂ ಮಾತಿನಲ್ಲಿ ಸತ್ಯ ಇದೆ. ಆದರೆ ಊರು, ವರ್ಷ, ಹೆಸರು ಹಿಡಿದು ನೋಡದಿದ್ದರೆ ಎರಡೂ ಬರೀ ಜಗಳವಾಗಿ ಉಳಿಯುತ್ತವೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರ ಬರೆಯುವಾಗ ನಾನು ಹಿಡಿದುಕೊಂಡ ಅಳತೆಗೋಲು ಒಂದೇ: ಆ ಜಾಗದಲ್ಲಿ, ಆ ಕಾಲದಲ್ಲಿ, ಜನರಿಗೆ "ಬೇಡ" ಅನ್ನುವ ಅವಕಾಶ ಇತ್ತಾ?

## ಮೊದಲು ಕೇಳುವವು

ಮಿಷನರಿ ಅಂದ್ರೆ ಯಾರು? ಪಾದ್ರಿಗಳೆಲ್ಲ ಮಿಷನರಿಗಳೇ ಅಲ್ವಾ?

ಅಲ್ಲ. ಇರುವ ಸಭೆಯನ್ನು ನೋಡಿಕೊಳ್ಳುವವರು ಪಾದ್ರಿ. ತನ್ನ ನೆಲ ಬಿಟ್ಟು ಬೇರೆ ಜನರ ನಡುವೆ ಹೋಗಿ ಧರ್ಮ ಸಾರುವುದನ್ನೇ ಕೆಲಸ ಮಾಡಿಕೊಂಡವರು ಮಿಷನರಿ. ಶಿಕ್ಷಕಿಯರು, ವೈದ್ಯರು, ಅಚ್ಚುಮೊಳೆ ಜೋಡಿಸುವವರು, ಬಡಗಿಗಳು ಕೂಡ ಮಿಷನರಿಗಳಾಗಿ ಹೋಗಿದ್ದಾರೆ.

ಅವರನ್ನು ಕಳಿಸಿದ್ದು ಯಾರು ಅನ್ನುವುದು ಇಲ್ಲಿ ತುಂಬಾ ಮುಖ್ಯ. 16ನೇ ಶತಮಾನದ ಸ್ಪೇನ್, ಪೋರ್ಚುಗಲ್‌ಗಳಲ್ಲಿ ರಾಜನೇ ಖರ್ಚು ಕೊಡುತ್ತಿದ್ದ. ಬಿಷಪ್ ಯಾರಾಗಬೇಕು ಅಂತ ಆರಿಸುವ ಹಕ್ಕೂ ಅವನದೇ. ಅಲ್ಲಿ ಚರ್ಚನ್ನೂ ಆಳ್ವಿಕೆಯನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ. 18ನೇ ಶತಮಾನದ ಕೊನೆಯಿಂದ ಹೊಸ ಪ್ರಾಟೆಸ್ಟೆಂಟ್ ಸಂಘಗಳು ಹುಟ್ಟಿಕೊಂಡವು. ಲಂಡನ್ ಮಿಷನರಿ ಸೊಸೈಟಿ 1795ರದ್ದು, ಬಾಸೆಲ್ ಮಿಷನ್ 1815ರದ್ದು. ಇವು ಸಾಮಾನ್ಯ ಜನರ ದೇಣಿಗೆಯಿಂದ ನಡೆದವು. ಬಾಸೆಲ್ ಇರುವ ಸ್ವಿಟ್ಜರ್ಲೆಂಡಿಗೆ ಒಂದು ವಸಾಹತೂ ಇರಲಿಲ್ಲ. ಹಾಗಾಗಿ "ಮಿಷನರಿಗಳು" ಅಂತ ಒಂದೇ ಗಂಟು ಕಟ್ಟಿ ಮಾತಾಡಿದರೆ ಮೊದಲ ಹೆಜ್ಜೆಯಲ್ಲೇ ತಪ್ಪುತ್ತೇವೆ.

ಮೊದಲು ಬಂದಿದ್ದು ಬೈಬಲ್ಲಾ, ಬಂದೂಕಾ?

ಒಂದೊಂದು ಕಡೆ ಒಂದೊಂದು ಥರ. ಮೆಕ್ಸಿಕೋದಲ್ಲಿ 1521ರಲ್ಲಿ ಅಜ್ಟೆಕ್ ರಾಜಧಾನಿ ಬಿತ್ತು. ಹನ್ನೆರಡು ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಂದದ್ದು 1524ರಲ್ಲಿ. ಅಲ್ಲಿ ಬಂದೂಕು ಮೊದಲು. ಟಹೀಟಿಯಲ್ಲಿ ಉಲ್ಟಾ. ಲಂಡನ್ ಮಿಷನರಿಗಳು 1797ರಲ್ಲೇ ಇಳಿದರು, ಫ್ರಾನ್ಸ್ ತನ್ನ ಹಿಡಿತಕ್ಕೆ ತೆಗೆದುಕೊಂಡದ್ದು 1842ರಲ್ಲಿ.

ಹವಾಯಿಯ ಕಥೆ ಇನ್ನೂ ನೋವಿನದು. 1820ರಲ್ಲಿ ಅಮೆರಿಕದ ಮಿಷನರಿಗಳು ಬಂದು ಆ ಭಾಷೆಗೆ ಬರವಣಿಗೆ ಕೊಟ್ಟರು. ಕೆಲವೇ ದಶಕಗಳಲ್ಲಿ ಓದು ಬರಹ ಮನೆಮನೆಗೂ ಹರಡಿತು. 1893ರಲ್ಲಿ ರಾಣಿಯನ್ನು ಇಳಿಸಿದ ಗುಂಪಿನಲ್ಲಿ ಆ ಮಿಷನರಿಗಳ ಮಕ್ಕಳು, ಮೊಮ್ಮಕ್ಕಳು ಇದ್ದರು. ಆಮೇಲೆ ಬಂದ ಸರ್ಕಾರದ ಅಧ್ಯಕ್ಷ ಸ್ಯಾನ್‌ಫರ್ಡ್ ಡೋಲ್ ಮಿಷನರಿ ದಂಪತಿಯ ಮಗ. 1896ರಲ್ಲಿ ಶಾಲೆಗಳಿಂದ ಹವಾಯಿ ಭಾಷೆಯನ್ನು ಹೊರಗೆ ಹಾಕಿದರು. ಅಪ್ಪಂದಿರು ಬರೆಯಲು ಕಲಿಸಿದ ಭಾಷೆಯನ್ನು ಮಕ್ಕಳ ಸರ್ಕಾರ ಶಾಲೆಯಿಂದ ಓಡಿಸಿತು.

ಪೋಪ್ ಬೇರೆಯವರ ದೇಶಗಳನ್ನು ಹಂಚಿಕೊಟ್ಟರಂತೆ, ನಿಜಾನಾ?

ನಿಜ. 1455ರಲ್ಲಿ ಪೋಪ್ ಐದನೇ ನಿಕೊಲಾಸ್ ಆಫ್ರಿಕಾದ ಕರಾವಳಿಯಲ್ಲಿ ನೆಲ ಗೆಲ್ಲಲು, ಅಲ್ಲಿನವರನ್ನು ಗುಲಾಮರಾಗಿಸಲು ಪೋರ್ಚುಗಲ್ ರಾಜನಿಗೆ ಬರೆದುಕೊಟ್ಟರು. 1493ರಲ್ಲಿ ಆರನೇ ಅಲೆಕ್ಸಾಂಡರ್ ಅಟ್ಲಾಂಟಿಕ್ ಸಾಗರದ ಮೇಲೆ ಒಂದು ಗೆರೆ ಎಳೆದು, ಅದರ ಪಶ್ಚಿಮದ್ದೆಲ್ಲ ಸ್ಪೇನಿಗೆ ಅಂದರು. ಮರುವರ್ಷ ಎರಡೂ ದೇಶಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಆ ಗೆರೆಯನ್ನು ಸರಿಸಿದವು. ಆ ನೆಲದಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಸ್ಪೇನಿನ ಸೈನಿಕರ ಕೈಯಲ್ಲಿ 1513ರಿಂದ ಒಂದು ಓಲೆ ಇರುತ್ತಿತ್ತು. ದಾಳಿಗೆ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಚರ್ಚನ್ನೂ ರಾಜನನ್ನೂ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಹೆಂಡತಿ ಮಕ್ಕಳ ಸಮೇತ ಗುಲಾಮರಾಗುತ್ತೀರಿ, ತಪ್ಪು ನಿಮ್ಮದೇ ಅನ್ನುವುದು ಅದರ ತಿರುಳು. ಓದುತ್ತಿದ್ದದ್ದು ಕೇಳುವವರಿಗೆ ಗೊತ್ತಿಲ್ಲದ ಭಾಷೆಯಲ್ಲಿ. ಖಾಲಿ ಗುಡಿಸಲುಗಳ ಮುಂದೆ ಓದಿದ್ದೂ ಉಂಟು.

ಇದು ಅಷ್ಟು ಹಳೆಯ ಕಥೆಯೂ ಅಲ್ಲ. "ಕಂಡುಹಿಡಿದವರಿಗೇ ನೆಲ" ಅನ್ನುವ ಇದೇ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1823ರಲ್ಲಿ ಎತ್ತಿಹಿಡಿಯಿತು. ವ್ಯಾಟಿಕನ್ ಆ ವಾದವನ್ನು ಬಾಯಿಬಿಟ್ಟು ತಳ್ಳಿಹಾಕಿದ್ದು 2023ರ ಮಾರ್ಚ್‌ನಲ್ಲಿ.

"ಅವರ ಹತ್ತಿರ ಬೈಬಲ್ ಇತ್ತು, ನಮ್ಮ ಹತ್ತಿರ ಭೂಮಿ ಇತ್ತು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಅಂದ್ರು. ಕಣ್ಣು ಬಿಟ್ಟಾಗ ಅದಲು ಬದಲಾಗಿತ್ತು." ಈ ಮಾತು ಯಾರದ್ದು?

ಕೆನ್ಯಾದ ನಾಯಕ ಜೋಮೊ ಕೆನ್ಯಾಟಾ ಹೆಸರಿನಲ್ಲೂ ಓಡಾಡುತ್ತದೆ, ದಕ್ಷಿಣ ಆಫ್ರಿಕಾದ ಡೆಸ್ಮಂಡ್ ಟುಟು ಹೆಸರಿನಲ್ಲೂ ಓಡಾಡುತ್ತದೆ. ಟುಟು ಸ್ವತಃ ಆರ್ಚ್‌ಬಿಷಪ್ ಆಗಿದ್ದವರು, ಭಾಷಣಗಳಲ್ಲಿ ಇದನ್ನು ಹೇಳುತ್ತಿದ್ದರು. ಯಾರೋ ಒಬ್ಬರ ಮಾತು ಅನ್ನುವುದಕ್ಕಿಂತ ಆಫ್ರಿಕಾದ ಬಾಯಿಮಾತು ಅನ್ನುವುದು ಸರಿ. ನೆಲ ಕಿತ್ತುಕೊಂಡವರು ಜಾಸ್ತಿಯಾಗಿ ಕಂಪನಿಗಳು, ಸೈನ್ಯ, ಬಿಳಿಯ ಬೇಸಾಯಗಾರರು. ಆದರೆ ಅದಕ್ಕೆ ಮಿಷನರಿ ದಾರಿ ಮಾಡಿಕೊಟ್ಟದ್ದು ದಾಖಲೆಯಲ್ಲೇ ಇದೆ. ಮುಂದಿನ ಪ್ರಶ್ನೆ ನೋಡಿ.

ಅವರು ಸುಮ್ನೆ ಧರ್ಮ ಹೇಳ್ತಿದ್ರು. ರಾಜಕೀಯಕ್ಕೂ ಅವರಿಗೂ ಏನು ಸಂಬಂಧ?

ಭಾಷೆಯೇ ಸಂಬಂಧ. ಎರಡೂ ಕಡೆಯ ಮಾತು ಬಲ್ಲವರು ಎಷ್ಟೋ ಕಡೆ ಮಿಷನರಿಗಳು ಮಾತ್ರ. ಒಪ್ಪಂದದ ಹೊತ್ತಿಗೆ ದುಭಾಷಿ ಅವರೇ.

1888ರ ಅಕ್ಟೋಬರ್‌ನಲ್ಲಿ ಈಗಿನ ಜಿಂಬಾಬ್ವೆಯ ದೊರೆ ಲೊಬೆಂಗುಲನ ಮುಂದೆ ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಕಡೆಯವರು ಗಣಿಗಾರಿಕೆಯ ಕಾಗದ ಇಟ್ಟರು. ಅರ್ಥ ಹೇಳಿದ್ದು ಲಂಡನ್ ಮಿಷನರಿ ಸೊಸೈಟಿಯ ಚಾರ್ಲ್ಸ್ ಹೆಲ್ಮ್. ಹತ್ತು ಜನ ಬಿಳಿಯರಿಗಿಂತ ಹೆಚ್ಚು ಬರುವುದಿಲ್ಲ ಅಂತ ಬಾಯಿಮಾತಿನ ಭರವಸೆ ಕೊಟ್ಟರು. ಕಾಗದದಲ್ಲಿ ಅದು ಇರಲಿಲ್ಲ. ದೊರೆ ಹೆಲ್ಮ್‌ನನ್ನು ನಂಬಿದ್ದ, ಮುದ್ರೆ ಒತ್ತಿದ. ನಂತರ ಮೋಸ ಗೊತ್ತಾಗಿ ಒಪ್ಪಂದ ಒಲ್ಲೆ ಅಂದ. ಯಾರೂ ಕೇಳಲಿಲ್ಲ. ಐದು ವರ್ಷದಲ್ಲಿ ಯುದ್ಧ ಬಂತು, ರಾಜ್ಯ ಹೋಯಿತು, ನಾಡಿಗೆ ರೋಡ್ಸ್ ಹೆಸರು ಬಿತ್ತು.

1840ರ ನ್ಯೂಜಿಲೆಂಡ್‌ನ ವೈತಾಂಗಿ ಒಪ್ಪಂದವನ್ನು ಅಲ್ಲಿನ ಮೂಲನಿವಾಸಿಗಳ ಮಾವೋರಿ ಭಾಷೆಗೆ ತಂದವರು ಮಿಷನರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ. ಇಂಗ್ಲಿಷ್ ಪ್ರತಿಯಲ್ಲಿ ಮಾವೋರಿ ಮುಖಂಡರು ಸಾರ್ವಭೌಮತ್ವವನ್ನೇ ಬಿಟ್ಟುಕೊಡುತ್ತಾರೆ. ಮಾವೋರಿ ಪ್ರತಿಯಲ್ಲಿ ಕೊಡುವುದು ಆಡಳಿತ ನಡೆಸುವ ಅಧಿಕಾರ ಅಷ್ಟೇ. ಆ ಒಂದು ಪದದ ವ್ಯತ್ಯಾಸದ ಮೇಲೆ ಅಲ್ಲಿ ಇವತ್ತಿಗೂ ವಾದ ನಡೆಯುತ್ತಿದೆ. ಚೀನಾದ ಕರಾವಳಿಯಲ್ಲಂತೂ 1830ರ ದಶಕದಲ್ಲಿ ಮಿಷನರಿ ಕಾರ್ಲ್ ಗುಟ್ಸ್‌ಲಾಫ್ ಅಫೀಮು ಹಡಗುಗಳಲ್ಲಿ ದುಭಾಷಿಯಾಗಿ ಹೋಗುತ್ತಿದ್ದ, ಅದೇ ಹಡಗಿನಿಂದ ಧರ್ಮದ ಪುಸ್ತಕಗಳನ್ನೂ ಹಂಚುತ್ತಿದ್ದ.

## ಏನು ಹೋಯಿತು, ಏನು ಉಳಿಯಿತು

ಸಂಸ್ಕೃತಿ ನಾಶ ಆಯ್ತು ಅಂತೀರಲ್ಲ, ನಿಜವಾಗಿ ಕಳೆದುಹೋಗಿದ್ದು ಏನು?

ಕಣ್ಣಿಗೆ ಕಾಣುವ ಒಂದು ಉದಾಹರಣೆ: ಮಾಯಾ ಜನರ ಪುಸ್ತಕಗಳು. ಮರದ ತೊಗಟೆಯ ಕಾಗದ, ಮೇಲೆ ಸುಣ್ಣದ ಲೇಪ, ಬಣ್ಣದ ಚಿತ್ರಲಿಪಿ, ಮಡಚಿದರೆ ಪುಸ್ತಕ, ಬಿಡಿಸಿದರೆ ಉದ್ದದ ಪಟ್ಟಿ. 1562ರ ಜುಲೈ 12ರಂದು ಮೆಕ್ಸಿಕೋದ ಯುಕಟಾನಿನ ಮಾನಿ ಎಂಬ ಊರಿನಲ್ಲಿ ಡಿಯಾಗೊ ಡಿ ಲಾಂಡಾ ಎಂಬ ಫ್ರಾನ್ಸಿಸ್ಕನ್ ಇವನ್ನು ವಿಗ್ರಹಗಳ ಜೊತೆ ರಾಶಿ ಹಾಕಿ ಸುಡಿಸಿದ. ಜನ ಅದನ್ನು ನೋಡಿ ತುಂಬಾ ದುಃಖಪಟ್ಟರು ಅಂತ ಅವನೇ ಬರೆದಿಟ್ಟಿದ್ದಾನೆ. ಆ ಇಡೀ ನಾಗರಿಕತೆಯ ಪುಸ್ತಕಗಳಲ್ಲಿ ಇವತ್ತು ಲೋಕದಲ್ಲಿ ಉಳಿದಿರುವುದು ನಾಲ್ಕು. ಎಲ್ಲವನ್ನೂ ಅವನೊಬ್ಬನೇ ಸುಡಲಿಲ್ಲ. ತೇವ, ಯುದ್ಧ, ಬೇರೆ ಪಾದ್ರಿಗಳ ಬೆಂಕಿಯೂ ಸೇರಿವೆ. ಆದರೆ ಅವತ್ತಿನ ಬೆಂಕಿ ಮಾತ್ರ ಅವನದೇ.

ವಿಚಿತ್ರ ಅಂದರೆ, ಮಾಯಾ ಲಿಪಿ ಬಿಡಿಸಲು ಬೇಕಾದ ಕೀಲಿ ಸಿಕ್ಕಿದ್ದೂ ಅವನ ಬರಹದಲ್ಲೇ. ಅವನು ಗೀಚಿಟ್ಟಿದ್ದ ಅಕ್ಷರಪಟ್ಟಿ ಹಿಡಿದು 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ದಾರಿ ಕಂಡುಕೊಂಡ.

ಕಣ್ಣಿಗೆ ಕಾಣದ್ದು ಇನ್ನೂ ಜಾಸ್ತಿ. ಹೆಸರುಗಳು ಹೋದವು. ಹಚ್ಚೆ, ಕುಣಿತ, ಹರಕೆ, ಸಾವಿನ ಹಾಡು ಹೋದವು. ಮಿಜೋ ಊರುಗಳಲ್ಲಿ ಝೋಲ್‌ಬುಕ್ ಎಂಬ ದೊಡ್ಡ ಮನೆ ಇರುತ್ತಿತ್ತು. ಹುಡುಗರು ರಾತ್ರಿ ಅಲ್ಲೇ ಮಲಗಿ ಬೇಟೆ, ಕಥೆ, ಊರಿನ ರೀತಿ ನೀತಿ ಕಲಿಯುತ್ತಿದ್ದರು. ಮಿಷನ್ ಶಾಲೆ ಬಂದ ಮೇಲೆ ಅದರ ಕೆಲಸ ಕರಗಿತು, 1938ರಲ್ಲಿ ಮುಚ್ಚಿಯೇ ಹೋಯಿತು. ಅದನ್ನು ಯಾರೂ ಸುಡಲಿಲ್ಲ. ಬಹಳಷ್ಟು ಸಂಸ್ಕೃತಿ ಹೋದದ್ದು ಹೀಗೆಯೇ, ಸದ್ದಿಲ್ಲದೆ.

ಕೆನಡಾದ ಆ ವಸತಿ ಶಾಲೆಗಳ ಕಥೆ ಏನು?

ನನಗೆ ಇಡೀ ವಿಷಯದಲ್ಲಿ ಬರೆಯಲು ತುಂಬಾ ಕಷ್ಟವಾಗುವ ಭಾಗ ಇದು. ಹಣ, ಕಾನೂನು ಸರ್ಕಾರದ್ದು. ನಡೆಸುವ ಕೆಲಸ ಚರ್ಚುಗಳದ್ದು: ಅರ್ಧಕ್ಕಿಂತ ಹೆಚ್ಚು ಕ್ಯಾಥೊಲಿಕ್, ಉಳಿದವು ಆಂಗ್ಲಿಕನ್ ಮತ್ತಿತರ ಪ್ರಾಟೆಸ್ಟೆಂಟ್ ಸಭೆಗಳು. ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ತಂದು ಅಲ್ಲಿಟ್ಟರು. 1920ರಲ್ಲಿ ಇದನ್ನು ಕಡ್ಡಾಯ ಮಾಡಿದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನಮ್ಮ ಕಾಲದಲ್ಲೇ.

ಹೋದ ದಿನವೇ ಕೂದಲು ಕತ್ತರಿಸುತ್ತಿದ್ದರು. ಎಷ್ಟೋ ಕಡೆ ಹೆಸರಿನ ಬದಲು ನಂಬರು. ತಾಯಿಮಾತು ಆಡಿದರೆ ಏಟು. ಫಿಲಿಸ್ ವೆಬ್‌ಸ್ಟಾಡ್ 1973ರಲ್ಲಿ ಆರು ವರ್ಷದ ಹುಡುಗಿ. ಶಾಲೆಗೆ ಅಂತ ಅಜ್ಜಿ ಹೊಸ ಕಿತ್ತಳೆ ಬಣ್ಣದ ಅಂಗಿ ಕೊಡಿಸಿದ್ದರು. ಮೊದಲ ದಿನವೇ ಅದನ್ನು ಬಿಚ್ಚಿಸಿ ತೆಗೆದುಕೊಂಡರು, ಮತ್ತೆ ಕೊಡಲಿಲ್ಲ. ಅವರು ದೊಡ್ಡವರಾದ ಮೇಲೆ ಹೇಳಿದ ಈ ನೆನಪಿನಿಂದಲೇ ಕೆನಡಾದಲ್ಲಿ ಸೆಪ್ಟೆಂಬರ್ 30ರಂದು ಜನ ಕಿತ್ತಳೆ ಅಂಗಿ ತೊಡುವುದು.

ಕ್ಷಯ, ಹಸಿವು, ಚಳಿಗೆ ಸತ್ತ ಮಕ್ಕಳು 4,000ಕ್ಕೂ ಹೆಚ್ಚು ಅಂತ ದಾಖಲೆಗಳು ಹೇಳುತ್ತವೆ. ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಇದನ್ನು "ಸಾಂಸ್ಕೃತಿಕ ನರಮೇಧ" ಅಂತಲೇ ಕರೆಯಿತು. "ಬೇಡ" ಅನ್ನುವ ಅವಕಾಶ ಇತ್ತಾ ಅನ್ನುವ ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ: ಇರಲಿಲ್ಲ. ಮಗುವನ್ನು ಬಚ್ಚಿಟ್ಟ ಅಪ್ಪ ಅಮ್ಮನಿಗೆ ಶಿಕ್ಷೆ ಇತ್ತು.

ಗೋವಾದಲ್ಲಿ ಏನಾಯ್ತು?

ಭಾರತದಲ್ಲಿ ಬಲವಂತ ಅತಿ ಹೆಚ್ಚು ಎದ್ದು ಕಾಣುವುದು ಅಲ್ಲೇ. ಪೋರ್ಚುಗೀಸರು 1540ರ ಸುಮಾರಿಗೆ ತಿಸ್ವಾಡಿಯ ದೇವಸ್ಥಾನಗಳನ್ನು ಕೆಡವಿದರು. ಎಷ್ಟೋ ಕುಟುಂಬಗಳು ದೇವರನ್ನು ಹೊತ್ತುಕೊಂಡು ಹೊಳೆ ದಾಟಿದವು. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆ, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೆ ನಡೆಯಿತು. ಅದರ ಕಣ್ಣು ಜಾಸ್ತಿ ಇದ್ದದ್ದು ಹೊಸದಾಗಿ ಕ್ರೈಸ್ತರಾದವರ ಮೇಲೆ.

1736ರಲ್ಲಿ ಅದು ಹೊರಡಿಸಿದ ನಿಷೇಧಗಳ ಪಟ್ಟಿ ಓದಿದರೆ ಅದು ಮನೆಯ ಎಷ್ಟು ಒಳಗೆ ಕೈ ಹಾಕಿತ್ತು ಅಂತ ಗೊತ್ತಾಗುತ್ತದೆ. ತುಳಸಿ ನೆಡಬಾರದು. ಉಪ್ಪು ಹಾಕದೆ ಅನ್ನ ಮಾಡಬಾರದು. ಏಕಾದಶಿ ಉಪವಾಸ ಕೂಡದು. ಮದುವೆಯಲ್ಲಿ ಹಳೆಯ ಹಾಡು ಕೂಡದು. ಅನ್ನದ ಪಾತ್ರೆಗೆ ಉಪ್ಪು ಬಿತ್ತಾ ಅಂತ ನೋಡುವ ಆಳ್ವಿಕೆ ಅದು. ಅದಕ್ಕೂ ಮೊದಲು, 1684ರಲ್ಲಿ, ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು ಅಂತ ವೈಸ್‌ರಾಯ್ ಆಜ್ಞೆ ಮಾಡಿದ್ದ.

ಇದೇ ನೆಲದಲ್ಲಿ ಥಾಮಸ್ ಸ್ಟೀಫನ್ಸ್ ಎಂಬ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಇಂಗ್ಲಿಷ್ ಪಾದ್ರಿ ಮರಾಠಿಯಲ್ಲಿ ಓವಿ ಬರೆದು 1616ರಲ್ಲಿ ಕ್ರಿಸ್ತಪುರಾಣ ಅಚ್ಚು ಹಾಕಿಸಿದ. ಅವನ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಆ ಭಾಷೆಗೆ ನಿಷೇಧ ಬಂದದ್ದು ಅದಾಗಿ 44 ವರ್ಷಕ್ಕೆ.

ಈಸ್ಟ್ ಇಂಡಿಯಾ ಕಂಪನಿಯೇ ಮಿಷನರಿಗಳನ್ನು ಕರ್ಕೊಂಡು ಬಂತು ಅಲ್ವಾ?

ಇಲ್ಲ, ಕಂಪನಿ ಅವರನ್ನು ತುಂಬಾ ದಿನ ದೂರ ಇಟ್ಟಿತ್ತು. ಜನರ ಧರ್ಮ ಕೆಣಕಿದರೆ ವ್ಯಾಪಾರ ಕೆಡುತ್ತದೆ ಅನ್ನುವ ಭಯ. 1793ರಲ್ಲಿ ಬಂದ ವಿಲಿಯಂ ಕ್ಯಾರಿ 1800ರಲ್ಲಿ ನೆಲೆ ನಿಂತದ್ದು ಡೆನ್ಮಾರ್ಕಿನ ಆಡಳಿತದಲ್ಲಿದ್ದ ಶ್ರೀರಾಮಪುರದಲ್ಲಿ. ಕಂಪನಿ ಬಾಗಿಲು ತೆರೆದದ್ದು ಲಂಡನ್ನಿನ ಒತ್ತಡಕ್ಕೆ, 1813ರ ಚಾರ್ಟರ್ ಕಾಯ್ದೆಯ ಮೂಲಕ. ಹಾಗಂತ ಆಳುವವರ ಬಣ್ಣ, ಆಳುವವರ ರಸ್ತೆ, ಆಳುವವರ ಕೋರ್ಟು ಮಿಷನರಿಗೆ ಬಲ ಕೊಡಲಿಲ್ಲ ಅಂತಲ್ಲ. ಖಂಡಿತ ಕೊಟ್ಟವು.

ಕಿಟೆಲ್ ನಿಘಂಟು, ಮೊದಲ ಪತ್ರಿಕೆ ಎಲ್ಲ ಅವರದ್ದೇ. ಕನ್ನಡ ಬೆಳೆಸಿದ್ದೂ ಅವರೇ ಅಲ್ವಾ?

ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರು ಸಮಾಚಾರ ಶುರು ಮಾಡಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಸಂಪಾದಿಸಿದರು. 1894ರಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಆ ಋಣ ದೊಡ್ಡದು. ಅದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಕೇಶಿರಾಜ ಬರೆದದ್ದು 13ನೇ ಶತಮಾನದಲ್ಲಿ. ಕನ್ನಡ ಆಗಲೇ ಬೆಳೆದು ನಿಂತ ಭಾಷೆ. ಓಲೆಗರಿ ಕಾಪಾಡಿಕೊಂಡು ಬಂದ ಮನೆಗಳು, ಪದಪದಕ್ಕೂ ಅರ್ಥ ಹೇಳಿದ ಪಂಡಿತರು ಇಲ್ಲದಿದ್ದರೆ ಆ ನಿಘಂಟು ಆಗುತ್ತಿರಲಿಲ್ಲ. ನಾಡಿನ ಭಾಷೆಯಲ್ಲೇ ದೇವರ ಮಾತು ಮುಟ್ಟಿಸಬೇಕು ಅನ್ನುವ ಹಟ ಅವರದು. ಕೆನಡಾದಲ್ಲಿ ಬಾಯಿಗೆ ಬೀಗ ಹಾಕಿದ ನಂಬಿಕೆಯೇ ಇಲ್ಲಿ ಅಚ್ಚುಕೂಟ ತೆರೆಯಿತು. ವ್ಯತ್ಯಾಸ ಬಂದದ್ದು ಎಲ್ಲಿಂದ? ಇಲ್ಲಿ ಜನ ಲಕ್ಷಾಂತರ ಇದ್ದರು, ಬರಹದ ಪರಂಪರೆ ಇತ್ತು, ಮಿಷನರಿ ಬೆರಳೆಣಿಕೆಯಷ್ಟು. ಅವನೇ ಬಂದು ಕಲಿಯಬೇಕಿತ್ತು.

ಮತಾಂತರ ಆದವರೆಲ್ಲ ಆಮಿಷಕ್ಕೆ ಬಿದ್ದವರು ಅಂತಾರೆ. ಹೌದಾ?

ಈ ಪ್ರಶ್ನೆ ಕೇಳುವಾಗ ನಾವು ಆ ಜನರ ಬುದ್ಧಿಯನ್ನೇ ಕಡೆಗಣಿಸುತ್ತೇವೆ. ಬರಗಾಲದಲ್ಲಿ ಗಂಜಿಗಾಗಿ ಹೋದವರು ಇದ್ದರು. ಅದರಲ್ಲಿ ನಾಚಿಕೆಪಡಬೇಕಾದ್ದು ಹಸಿದವರು ಅಲ್ಲ. ಆದರೆ ಲೆಕ್ಕ ಹಾಕಿ, ಯೋಚಿಸಿ ಹೋದವರೂ ಬಹಳ.

ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರಂತೆ ಎದೆ ಮುಚ್ಚುವ ಹಾಗಿರಲಿಲ್ಲ. ಕ್ರೈಸ್ತರಾದ ಹೆಂಗಸರು ರವಿಕೆ ತೊಟ್ಟರು. ಸಂತೆಯಲ್ಲಿ ಅವರ ಬಟ್ಟೆ ಹರಿದರು, ಮನೆ, ಶಾಲೆಗಳಿಗೆ ಬೆಂಕಿ ಬಿತ್ತು. ದಶಕಗಳ ಹೋರಾಟದ ಮೇಲೆ 1859ರಲ್ಲಿ ರಾಜ್ಯ ಮಣಿಯಿತು. ಆ ಹೆಂಗಸರ ಹತ್ತಿರ "ನಿಮ್ಮ ಸಂಸ್ಕೃತಿ ಹೋಯ್ತಲ್ಲ" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೊಸ ಧರ್ಮವನ್ನು ಜನ ತಮ್ಮದಾಗಿಸಿಕೊಂಡ ರೀತಿಯನ್ನೂ ನೋಡಬೇಕು. ಮಿಜೋ ಚರ್ಚಿನಿಂದ ಮೊದಲು ಡೋಲನ್ನು ಹೊರಗಿಟ್ಟಿದ್ದರು. ಜನ ಅದನ್ನು ಒಳಗೆ ತಂದೇ ಬಿಟ್ಟರು. ಇವತ್ತು ಡೋಲಿಲ್ಲದೆ ಅಲ್ಲಿ ಹಾಡೇ ಏಳುವುದಿಲ್ಲ.

## ಇನ್ನೂ ಆಳಕ್ಕೆ ಇಳಿದರೆ

ಮಿಷನರಿಗಳಲ್ಲಿ ಒಬ್ಬರಾದ್ರೂ ಆಳುವವರ ವಿರುದ್ಧ ನಿಲ್ಲಲಿಲ್ವಾ?

ನಿಂತರು, ಬೆಲೆಯನ್ನೂ ತೆತ್ತರು. 1511ರಲ್ಲಿ ಹಿಸ್ಪಾನಿಯೋಲ ದ್ವೀಪದಲ್ಲಿ ಅಂಟೋನಿಯೊ ಡಿ ಮಾಂಟೆಸಿನೊಸ್ ಎಂಬ ಸನ್ಯಾಸಿ ಸ್ಪೇನಿನ ಜಮೀನ್ದಾರರ ಮುಖಕ್ಕೇ, ಅಲ್ಲಿನ ಮೂಲನಿವಾಸಿಗಳ ಪರವಾಗಿ, "ಇವರು ಮನುಷ್ಯರಲ್ಲವೇ?" ಅಂತ ಕೇಳಿದ. ಪಾದ್ರಿ ಬಾರ್ತೊಲೊಮೆ ಡಿ ಲಾಸ್ ಕಾಸಾಸ್ ತನ್ನ ಜೀತದಾಳುಗಳನ್ನು ಬಿಟ್ಟುಕೊಟ್ಟು ಜೀವನವಿಡೀ ವಾದಿಸಿದ. ಅವನೇ ಒಮ್ಮೆ ಅವರ ಬದಲು ಆಫ್ರಿಕಾದ ಗುಲಾಮರನ್ನು ತನ್ನಿ ಅಂದಿದ್ದ, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟ. ಬಂಗಾಳದ ನೀಲಿ ಬೆಳೆಗಾರರ ಗೋಳು ಹೇಳುವ ನಾಟಕದ ಅನುವಾದ ಪ್ರಕಟಿಸಿದ್ದಕ್ಕೆ ಜೇಮ್ಸ್ ಲಾಂಗ್‌ಗೆ 1861ರಲ್ಲಿ ಒಂದು ತಿಂಗಳ ಜೈಲು, 1,000 ರೂಪಾಯಿ ದಂಡ. ದಂಡ ಕಟ್ಟಿದವರು ಬಂಗಾಳದ ಲೇಖಕ ಕಾಲಿಪ್ರಸನ್ನ ಸಿಂಹ.

ಒಂದು ಫೋಟೋ ಬಗ್ಗೆ ಹೇಳಲೇಬೇಕು. 1904ರ ಮೇ ತಿಂಗಳು, ಕಾಂಗೋದ ಬರಿಂಗಾ ಮಿಷನ್. ನ್ಸಾಲ ಎಂಬಾತ ಜಗಲಿಯ ಅಂಚಿನಲ್ಲಿ ಕುಳಿತಿದ್ದಾನೆ. ಪಕ್ಕಕ್ಕೆ ತಿರುಗಿ ಮುಂದಿರುವುದನ್ನು ನೋಡುತ್ತಿದ್ದಾನೆ. ಅಲ್ಲಿರುವುದು ಒಂದು ಪುಟ್ಟ ಕೈ, ಒಂದು ಪುಟ್ಟ ಪಾದ. ಐದು ವರ್ಷದ ಅವನ ಮಗಳು ಬೋವಾಲಿಯದು. ಊರು ರಬ್ಬರಿನ ಪಾಲು ಕೊಡಲಿಲ್ಲ ಅಂತ ರಬ್ಬರ್ ಕಂಪನಿಯ ಕಾವಲುಗಾರರು ಕೊಂದಿದ್ದರು. ಎಲೆಯಲ್ಲಿ ಸುತ್ತಿ ತಂದದ್ದನ್ನು ಬಿಡಿಸಿ ಅವನು ತೋರಿಸಿದ. ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ಅವನನ್ನು ಕೂರಿಸಿ ಫೋಟೋ ತೆಗೆದರು. ಅದೂ, ಅಂಥ ಬೇರೆ ಚಿತ್ರಗಳೂ ಯೂರೋಪು, ಅಮೆರಿಕದ ಸಭೆಗಳಲ್ಲಿ ಗೋಡೆಯ ಮೇಲೆ ಮೂಡಿದವು. 1908ರಲ್ಲಿ ಬೆಲ್ಜಿಯಂ ದೊರೆ ಲಿಯೊಪೋಲ್ಡ್ ತನ್ನ ಸ್ವಂತ ಆಸ್ತಿಯಂತಿದ್ದ ಕಾಂಗೋವನ್ನು ಬಿಡಬೇಕಾಯಿತು. ನೆಲ ಬೆಲ್ಜಿಯಂ ಸರ್ಕಾರದ ಕೈಗೆ ಹೋಯಿತು, ಕಾಂಗೋ ಜನರ ಕೈಗೆ ಬರಲಿಲ್ಲ.

ಗುಲಾಮಗಿರಿ ನಿಲ್ಲಿಸಿದ್ದೇ ಚರ್ಚು ಅಂತಾರೆ?

ಅರ್ಧ ಸತ್ಯ. ದಕ್ಷಿಣ ಅಮೆರಿಕದ ಬ್ರಿಟಿಷ್ ವಸಾಹತು ಡೆಮೆರಾರಾದಲ್ಲಿ 1823ರಲ್ಲಿ ಗುಲಾಮರು ದಂಗೆ ಎದ್ದಾಗ ಪ್ರಚೋದಿಸಿದ ಅಂತ ಮಿಷನರಿ ಜಾನ್ ಸ್ಮಿತ್‌ಗೆ ಮರಣದಂಡನೆ ಹಾಕಿದರು. ಅವನು ಜೈಲಲ್ಲೇ ತೀರಿಕೊಂಡ. ಆ ಸಾವು ಇಂಗ್ಲೆಂಡಿನ ಮನಸ್ಸನ್ನು ಕದಲಿಸಿತು.

ಇನ್ನರ್ಧ ಬಾರ್ಬಡೋಸಿನಲ್ಲಿದೆ. ಅಲ್ಲಿನ ಕಾಡ್ರಿಂಗ್ಟನ್ ಕಬ್ಬಿನ ತೋಟ 1710ರಿಂದ ಆಂಗ್ಲಿಕನ್ ಮಿಷನರಿ ಸಂಘವೊಂದರದೇ ಆಸ್ತಿ. ಗುಲಾಮರ ಎದೆಯ ಮೇಲೆ "ಸೊಸೈಟಿ" ಅಂತ ಕಾದ ಕಬ್ಬಿಣದ ಬರೆ. ಇಂಗ್ಲೆಂಡಿನ ಚರ್ಚು ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ. 1807ರಲ್ಲಿ ಲಂಡನ್ನಿನಲ್ಲಿ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಮೋಶೆ ಜನರನ್ನು ದಾಸ್ಯದಿಂದ ಬಿಡಿಸಿ ಕರೆದೊಯ್ದ ಕಥೆಯನ್ನೇ ಅದರಿಂದ ಕಿತ್ತು ಹಾಕಿದ್ದರು.

ಕ್ರೈಸ್ತರ ಸಂಸ್ಕೃತಿಯನ್ನೂ ಮಿಷನರಿಗಳು ಹಾಳು ಮಾಡಿದ್ರಾ?

ಮಾಡಿದರು. ಕೇರಳದ ಸಂತ ಥಾಮಸ್ ಕ್ರೈಸ್ತರು ಪೋರ್ಚುಗೀಸರು ಬರುವ ಎಷ್ಟೋ ಶತಮಾನ ಮೊದಲೇ ಅಲ್ಲಿದ್ದವರು. ಅವರ ಪ್ರಾರ್ಥನೆ ಸಿರಿಯಾಕ್ ಭಾಷೆಯಲ್ಲಿ. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಕರೆದು ಅವರ ಪುಸ್ತಕಗಳಲ್ಲಿ ತಪ್ಪು ಹುಡುಕಿದ. ಎಷ್ಟೋ ಪುಸ್ತಕಗಳು ಬೆಂಕಿಗೆ ಹೋದವು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಸೇರಿದ ಜನ ಇನ್ನು ಜೆಸ್ವಿಟರ ಮಾತು ಕೇಳುವುದಿಲ್ಲ ಅಂತ ಶಿಲುಬೆ ಮುಂದೆ ಆಣೆ ಮಾಡಿದರು. ಕೂನನ್ ಶಿಲುಬೆಯ ಆಣೆ ಅಂದರೆ ಅದೇ.

ಚೀನಾದ ಕ್ರೈಸ್ತರಿಗೆ ಪೂರ್ವಜರ ಮುಂದೆ ತಲೆಬಾಗುವುದನ್ನು ರೋಮ್ 1715ರಲ್ಲಿ ಖಡಾಖಂಡಿತ ನಿಷೇಧಿಸಿತು. 1939ರಲ್ಲಿ ಪರವಾಗಿಲ್ಲ ಅಂದಿತು. ನಡುವಿನ ಇನ್ನೂರಕ್ಕೂ ಹೆಚ್ಚು ವರ್ಷ ಅಲ್ಲಿನ ಕುಟುಂಬಗಳು ಅಜ್ಜ ಅಜ್ಜಿಯ ನೆನಪಿಗೂ ಧರ್ಮಕ್ಕೂ ನಡುವೆ ಒಂದನ್ನು ಆರಿಸಬೇಕಾಯಿತು.

ರೋಗ, ದಾಳಿಯಿಂದ ಆದ ನಷ್ಟವನ್ನೂ ಮಿಷನರಿಗಳ ತಲೆಗೆ ಕಟ್ತಾ ಇಲ್ವಾ ನಾವು?

ಕೆಲವೊಮ್ಮೆ ಕಟ್ಟುತ್ತೇವೆ. ಈಸ್ಟರ್ ದ್ವೀಪ ಅಂತ ಕರೆಯುವ ರಾಪಾ ನುಯಿಯನ್ನೇ ನೋಡಿ. ಅಲ್ಲಿ ಮರದ ಹಲಗೆಗಳ ಮೇಲೆ ಕೆತ್ತಿದ ರೊಂಗೊರೊಂಗೊ ಎಂಬ ಲಿಪಿ ಇತ್ತು. ಈಗ ಉಳಿದಿರುವುದು ಸುಮಾರು ಎರಡು ಡಜನ್ ವಸ್ತುಗಳು. ಓದಬಲ್ಲವರು ಲೋಕದಲ್ಲಿ ಯಾರೂ ಇಲ್ಲ. ಮಿಷನರಿಗಳು ಸುಡಿಸಿದರು ಅಂತ ಹೇಳುವುದನ್ನು ಕೇಳಿರುತ್ತೀರಿ. ಆದರೆ 1862ರ ಕೊನೆಯಿಂದ ಪೆರುವಿನ ಗುಲಾಮ ವ್ಯಾಪಾರಿಗಳು ಸುಮಾರು 1,500 ಜನರನ್ನು ಹೊತ್ತೊಯ್ದಿದ್ದರು. ಓದು ಬಲ್ಲವರು ಆ ಹಡಗುಗಳಲ್ಲೇ ಹೋದರು. ಬದುಕಿ ಮರಳಿದ ಕೆಲವರ ಜೊತೆ ಸಿಡುಬು ಬಂತು. ಮೊದಲ ಮಿಷನರಿ ಅಲ್ಲಿ ಇಳಿದದ್ದು 1864ರಲ್ಲಿ. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದವರು 111 ಜನ. ಹಲಗೆಗಳನ್ನು ಹುಡುಕಿ ಕೂಡಿಡಲು ಮೊದಲು ಮನಸ್ಸು ಮಾಡಿದ್ದು ಟಹೀಟಿಯ ಬಿಷಪ್ ಜೊಸ್ಸಾನ್.

ಹೊಣೆ ಹೊರಿಸುವಾಗ ಸರಿಯಾದ ಹೆಗಲು ನೋಡಿ ಹೊರಿಸಬೇಕು. ತಪ್ಪು ಹೆಗಲಿಗೆ ಹಾಕಿದರೆ ನಿಜವಾದ ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ಹಾಗಾದ್ರೆ ಇವತ್ತಿನ ಕ್ರೈಸ್ತರು ಇದಕ್ಕೆಲ್ಲ ಉತ್ತರ ಕೊಡಬೇಕಾ?

ಇಲ್ಲ. ಆಸ್ತಿ, ದಾಖಲೆ, ಅಧಿಕಾರ ಇಟ್ಟುಕೊಂಡು ಇವತ್ತಿಗೂ ನಡೆಯುತ್ತಿರುವ ಸಂಸ್ಥೆಗಳು ಉತ್ತರ ಕೊಡಬೇಕು. ಪಕ್ಕದ ಮನೆಯವರು ಕೊಡಬೇಕಿಲ್ಲ. ಆ ಶಾಲೆಗಳಿಂದ ಬದುಕಿ ಬಂದ ಎಷ್ಟೋ ಜನ ಇವತ್ತಿಗೂ ಕ್ರೈಸ್ತರೇ ಅನ್ನುವುದನ್ನು ಮರೆಯಬಾರದು.

ಕ್ಷಮೆ ಕೇಳಿದ್ದಾರಾ? ಏನಾದ್ರೂ ವಾಪಸ್ ಬಂದಿದ್ಯಾ?

ಕೆನಡಾದ ಯುನೈಟೆಡ್ ಚರ್ಚು 1986ರಲ್ಲೇ ಮೂಲನಿವಾಸಿಗಳ ಕ್ಷಮೆ ಕೇಳಿತು, ಆಂಗ್ಲಿಕನ್ನರು ವಸತಿ ಶಾಲೆಗಳ ವಿಚಾರವಾಗಿ 1993ರಲ್ಲಿ ಕೇಳಿದರು. ಪೋಪ್ ಫ್ರಾನ್ಸಿಸ್ 2022ರ ಜುಲೈನಲ್ಲಿ ಅಲ್ಲಿಗೇ ಹೋಗಿ ಕೇಳಿದರು. ವಸ್ತುಗಳು ಬರುವುದು ಇನ್ನೂ ನಿಧಾನ.

ಉತ್ತರ ಯೂರೋಪಿನ ಸಾಮಿ ಜನರ ಡೋಲುಗಳ ಕಥೆ ಕೇಳಿ. ಅದು ಜಿಂಕೆ ಚರ್ಮದ ಡೋಲು. ಮೇಲೆ ಕೆಂಪು ಬಣ್ಣದಲ್ಲಿ ಸೂರ್ಯ, ಜಿಂಕೆ, ದೇವತೆಗಳ ಚಿತ್ರ. ಬಡಿದಾಗ ಚರ್ಮದ ಮೇಲಿಟ್ಟ ಪುಟ್ಟ ಬಿಲ್ಲೆ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನೋಡಿ ಮುಂದಿನದನ್ನು ತಿಳಿಯುತ್ತಿದ್ದರು. 17, 18ನೇ ಶತಮಾನದಲ್ಲಿ ಪಾದ್ರಿಗಳೂ ಅಧಿಕಾರಿಗಳೂ ಅವನ್ನು ಸೈತಾನನ ವಸ್ತು ಅಂತ ಕಿತ್ತುಕೊಂಡರು, ಸುಟ್ಟರು. ಈಗ ಉಳಿದಿರುವುದು ಸುಮಾರು 70.

ಅದರಲ್ಲಿ ಒಂದು ಆಂಡರ್ಸ್ ಪೌಲ್ಸೆನ್ ಎಂಬ ಮುದುಕನದು. 1692ರಲ್ಲಿ ನಾರ್ವೆಯ ವಾಡ್ಸೋದಲ್ಲಿ ಮಾಟದ ಆರೋಪದ ಮೇಲೆ ಅವನ ವಿಚಾರಣೆ ನಡೆಯಿತು. ಅವನು ಡೋಲಿನ ಒಂದೊಂದು ಚಿತ್ರಕ್ಕೂ ಬೆರಳಿಟ್ಟು ಅರ್ಥ ಹೇಳಿದ. ಗುಮಾಸ್ತ ಬರೆದುಕೊಂಡ. ತೀರ್ಪು ಬರುವ ಮೊದಲೇ ಸೆರೆಯಲ್ಲಿದ್ದಾಗ ಒಬ್ಬ ಮತಿಗೆಟ್ಟವನು ಅವನನ್ನು ಕೊಡಲಿಯಿಂದ ಕೊಂದ. ಡೋಲು ಕೋಪನ್‌ಹೇಗನ್ ಸೇರಿತು.

1979ರಲ್ಲಿ ಅದನ್ನು ನಾರ್ವೆಯ ಕಾರಾಶೋಕದ ಸಾಮಿ ಮ್ಯೂಸಿಯಂಗೆ ಎರವಲು ಕೊಟ್ಟರು. ತಮ್ಮದೇ ಡೋಲನ್ನು ಆ ಜನ ನಾಲ್ಕು ದಶಕ ಎರವಲು ವಸ್ತುವಾಗಿ ನೋಡಿದರು. 2022ರಲ್ಲಿ ಡೆನ್ಮಾರ್ಕ್ ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿತು. ಈಗ ಅದು ಅಲ್ಲೇ ಇದೆ. ಪೌಲ್ಸೆನ್ ಕೋರ್ಟಿನಲ್ಲಿ ಹೇಳಿದ್ದು ದಾಖಲೆಯಲ್ಲಿ ಉಳಿದಿರುವುದರಿಂದ, ಅದರ ಮೇಲಿನ ಚಿತ್ರಗಳ ಅರ್ಥವನ್ನು ಅವನ ಮಾತಿನಲ್ಲೇ ಇವತ್ತೂ ಓದಬಹುದು.